ಶಟರ್ ಎತ್ತೋ ಹೊತ್ತಲ್ಲಿ ಅಪ್‌ಡೇಟ್ ಕೇಳ್ಬೇಡಿ

ಪ್ರಶ್ನೆ: ಸಾರ್, ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ಕೊಡ್ತೀನಿ, ಒಂದು ನಲವತ್ತು ಅಂಗಡೀಲಿ ಓಡ್ತಿದೆ. ಹೊಸ ವರ್ಷನ್ ಬಿಟ್ಟಾಗೆಲ್ಲ ಸಾಫ್ಟ್‌ವೇರ್ ಓಪನ್ ಆದ ತಕ್ಷಣ ‘ಅಪ್‌ಡೇಟ್ ಮಾಡಿ’ ಅಂತ ಬಾಕ್ಸ್ ಬರೋ ಹಾಗೆ ಇಟ್ಟಿದೀನಿ, ಆದ್ರೆ ಎಲ್ರೂ ‘ಆಮೇಲೆ’ ಒತ್ತಿ ಮುಂದೆ ಹೋಗ್ತಾರೆ. ಆ ‘ಆಮೇಲೆ’ ಬಟನ್ನೇ ತೆಗೆದ್ಬಿಡ್ಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ದಯವಿಟ್ಟು ತೆಗೀಬೇಡಿ. ಒಂದಿನ ಬೆಳಗ್ಗೆ ಅಂಥ ಒಂದು ಅಂಗಡೀಲಿ ಹೋಗಿ ನಿಂತ್ಕೊಳ್ಳಿ. ಶಟರ್ ಎತ್ತಿ, ದೇವ್ರ ಫೋಟೋಗೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಆನ್ ಮಾಡೋಷ್ಟರಲ್ಲಿ ಶುಗರ್ ಮಾತ್ರೆ ಚೀಟಿ ಹಿಡ್ಕೊಂಡು ಇಬ್ಬರು ನಿಂತಿರ್ತಾರೆ, ಸರಿಯಾಗಿ ಆಗ್ಲೇ ನಿಮ್ಮ ಬಾಕ್ಸ್ ಅಡ್ಡ ಬರುತ್ತೆ. ಯಾರ್ರೀ ಓದ್ತಾರೆ? ಅವ್ರು ಸಾಫ್ಟ್‌ವೇರ್ ತೆಗ್ದಿರೋದೇ ಕೆಲಸ ಇದೆ ಅಂತ. ಪ್ರೋಗ್ರಾಂ ಬರೆಯೋ ನಮ್ಗೆ ‘ಹೊಸ ವರ್ಷನ್ ಬಂದಿದ್ಯಾ’ ಅಂತ ನೋಡೋ ಕೋಡನ್ನ ಸ್ಟಾರ್ಟ್ ಆಗೋ ಕಡೆ ಹಾಕೋದು ಸುಲಭ, ಅದಕ್ಕೇ ಅಲ್ಲಿ ತುರುಕ್ತೀವಿ (ನಾನೂ ತುರುಕಿದ್ದೆ, ಚೆನ್ನಾಗಿ ಬೈಸ್ಕೊಂಡಿದ್ದೆ). ರಾತ್ರಿ ದಿನದ ಲೆಕ್ಕ ಮುಗ್ಸಿ ಕ್ಲೋಸ್ ಒತ್ತುತಾರಲ್ಲ, ಆಗ ಕೇಳಿ.

ಇನ್ನೊಂದು ವಿಷ್ಯ, ಕೌಂಟರ್‌ನಲ್ಲಿ ಕೂತಿರೋ ಹುಡುಗ ಓನರ್ ಅಲ್ಲ, ಅಪ್‌ಡೇಟ್ ಒತ್ತಿ ಏನಾದ್ರೂ ಕೆಟ್ಟು ಕೂತ್ರೆ ಬೈಗುಳ ಅವನಿಗೆ, ಸರಿಯಾದ್ರೆ ಶಹಬ್ಬಾಸ್ ಅನ್ನೋರು ಯಾರೂ ಇಲ್ಲ, ಹಂಗಾಗಿ ಅವ್ನು ‘ಆಮೇಲೆ’ ಒತ್ತೋದೇ ಬುದ್ಧಿವಂತಿಕೆ. ಓನರ್ ಲಾಗಿನ್‌ನಲ್ಲಿ ಮಾತ್ರ ತೋರ್ಸಿ. ಬಾಕ್ಸಲ್ಲಿ ‘ಬಗ್ ಫಿಕ್ಸ್ ಮತ್ತು ಸುಧಾರಣೆಗಳು’ ಅಂತ ಬರೆದ್ರೆ ಏನೂ ಹೇಳ್ದಂಗಲ್ಲ. ಹಿಂಗೆ ಬರೀರಿ: ‘ಡೌನ್‌ಲೋಡ್ ಆಗಿದೆ, ಹಾಕೋಕೆ 4 ನಿಮಿಷ, ಹಳೇ ಬಿಲ್‌ಗಳ ಬ್ಯಾಕಪ್ ತಗೊಂಡಿದೀವಿ. ಈಗ / ನಾಳೆ ರಾತ್ರಿ / ಭಾನುವಾರ’. 4 ನಿಮಿಷ ಅಂದ್ರೆ 4 ನಿಮಿಷಾನೇ ಆಗ್ಬೇಕು ಮತ್ತೆ, ಅವ್ರ ಹಳೇ ಕಂಪ್ಯೂಟರ್‌ನಲ್ಲಿ ಗಡಿಯಾರ ಹಿಡ್ಕೊಂಡು ನೋಡಿ ಬರೀರಿ, ನಿಮ್ಮ ಲ್ಯಾಪ್‌ಟಾಪಲ್ಲಿ ಅಲ್ಲ. ಭಾನುವಾರ ಅಂತ ಒತ್ತಿದ್ರೆ ಭಾನುವಾರದವರೆಗೂ ಬಾಯಿ ಮುಚ್ಕೊಂಡಿರಿ.

ಬಲವಂತ ಮಾಡಿದ್ರೆ ಏನಾಗುತ್ತೆ ಅನ್ನೋಕೆ 2016ರ ವಿಂಡೋಸ್ 10 ನೆನಪು ಮಾಡ್ಕೊಳ್ಳಿ, ‘ವಿಂಡೋಸ್ 10ಕ್ಕೆ ಬನ್ನಿ’ ಅನ್ನೋ ಬಾಕ್ಸನ್ನ ಮೂಲೇಲಿರೋ ಇಂಟು ಮಾರ್ಕ್ ಒತ್ತಿ ಮುಚ್ಚಿದ್ರೂ ಒಪ್ಪಿದಂಗೇ ಲೆಕ್ಕ, ಹೇಳಿದ ಟೈಮಿಗೆ ಅಪ್‌ಗ್ರೇಡ್ ಶುರು! ಜನ ರೊಚ್ಚಿಗೆದ್ದ ಮೇಲೆ ‘ಬೇಡ’ ಅನ್ನೋ ಆಯ್ಕೆ ಬಂತು. ಕ್ರೋಮ್ ಬ್ರೌಸರ್ ಅಷ್ಟು ಗಲಾಟೆ ಮಾಡಲ್ಲ, ಅಪ್‌ಡೇಟ್ ಬಾಕಿ ಇದ್ರೆ ಮೆನು ಹತ್ರ ಬಣ್ಣ ತೋರಿಸುತ್ತೆ ಅಷ್ಟೆ, ಮೊದ್ಲು ಹಸಿರು, ಸುಮಾರು ನಾಲ್ಕು ದಿನಕ್ಕೆ ಕಿತ್ತಳೆ, ವಾರ ಆದ್ಮೇಲೆ ಕೆಂಪು.

ಹಾಗಂತ ಎಲ್ಲಾನೂ ಮುಂದಕ್ಕೆ ಹಾಕೋ ಹಂಗೂ ಇಲ್ಲ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳ್ತಿದ್ದ ವಾನಾಕ್ರೈ ವೈರಸ್ ಹರಡಿದ್ದು 2017ರ ಮೇ 12ಕ್ಕೆ, ಅದನ್ನ ತಡೆಯೋ ಪ್ಯಾಚ್ (ದೋಷ ಮುಚ್ಚೋ ಅಪ್‌ಡೇಟ್) ಮಾರ್ಚ್ 14ಕ್ಕೇ ಬಂದಿತ್ತು, ಹಾಕ್ಕೊಳ್ದೆ ಮುಂದೂಡಿದವ್ರು ಸಿಕ್ಕಿಬಿದ್ರು. ನಿಮ್ಮ ಲೈನಲ್ಲೇ ನೋಡಿ, 2025ರ ಸೆಪ್ಟೆಂಬರ್ 22ಕ್ಕೆ ಬಹಳಷ್ಟು ಔಷಧಿಗಳ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳೀತು, ಅಂಥದ್ದಕ್ಕೆ ‘21ರ ರಾತ್ರಿಯೊಳಗೆ ಹಾಕ್ದಿದ್ರೆ ನಾಳೆ ಬಿಲ್ ತಪ್ಪು ಬರುತ್ತೆ’ ಅಂತ ನೇರವಾಗಿ ಹೇಳಿ, ದೊಡ್ಡಕ್ಷರದಲ್ಲೇ ಹೇಳಿ. ಆದ್ರೆ ಬಟನ್ ಬಣ್ಣ ಬದಲಾಯ್ಸಿದ್ದಕ್ಕೂ ‘ತುರ್ತು’ ಅಂದ್ರೆ ತೋಳ ಬಂತು ತೋಳ ಕಥೆಯಾಗುತ್ತೆ.

ಪ್ರಶ್ನೆ: ನಮ್ಮ ಆಫೀಸಲ್ಲಿ ತಿಂಗಳಿಗೊಂದ್ಸಲ ಬುಧವಾರ ಬೆಳಗ್ಗೇನೇ ಕಂಪ್ಯೂಟರ್ ‘ರೀಸ್ಟಾರ್ಟ್ ಮಾಡಿ’ ಅನ್ನುತ್ತೆ, ಯಾಕೆ ಸಾರ್?
– ಒಬ್ಬ ಗುಮಾಸ್ತ, ಹಾಸನ

ಉತ್ತರ: ಮೈಕ್ರೋಸಾಫ್ಟ್‌ನವ್ರು ಪ್ಯಾಚ್ ಬಿಡೋದು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿ ಟೈಮಲ್ಲಿ ಬೆಳಗ್ಗೆ 10ಕ್ಕೆ. ನಮ್ಗಾಗ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ನೀವು ಬುಧವಾರ ಬಂದು ಕೂತಾಗ ಅದು ಕಾಯ್ತಿರುತ್ತೆ. ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗಲ್ಲಿ ‘ಆ್ಯಕ್ಟಿವ್ ಅವರ್ಸ್’ ಅಂತ ಇದೆ, ಅಂದ್ರೆ ನೀವು ಕೆಲಸ ಮಾಡೋ ಹೊತ್ತು, ದಿನಕ್ಕೆ ಒಟ್ಟು 18 ಗಂಟೆಯಷ್ಟು ಕೊಡ್ಬಹುದು, ಆ ಹೊತ್ತಲ್ಲಿ ತಾನಾಗೇ ರೀಸ್ಟಾರ್ಟ್ ಆಗಲ್ಲ. ಸಂಜೆ ಹೊರಡುವಾಗ ‘ಅಪ್‌ಡೇಟ್ ಆ್ಯಂಡ್ ಶಟ್ ಡೌನ್’ ಒತ್ತಿ ಬಸ್ ಹಿಡೀರಿ.