ಮೊದಲ ಮಹಾಯುದ್ಧ: ಬ್ರಿಟನ್ನಿನ ಹುಡುಗರು ಸೈನ್ಯ ಸೇರಿದ ಬಗೆ

1914ರಲ್ಲಿ ಹದಿನಾರರ ಹುಡುಗರು ಬ್ರಿಟಿಷ್ ಸೈನ್ಯಕ್ಕೆ ಹೇಗೆ ಮತ್ತು ಏಕೆ ಸೇರಿದರೆಂದು ಕೇಳಿದ್ದೀರಿ. ನಿಯಮವೇನೋ ಸ್ಪಷ್ಟವಾಗಿತ್ತು: ಸೇರಲು 18, ಹೊರದೇಶದ ರಣರಂಗಕ್ಕೆ ಹೋಗಲು 19 ವರ್ಷ ತುಂಬಿರಬೇಕು. ಆದರೆ ಜನನ ಪ್ರಮಾಣಪತ್ರ ತೋರಿಸಲೇಬೇಕೆಂಬ ಕಟ್ಟುಪಾಡು ಇರಲಿಲ್ಲವಾದ್ದರಿಂದ, ಎತ್ತರ ಮತ್ತು ಎದೆಯ ಸುತ್ತಳತೆ ಸರಿಹೊಂದಿದರೆ ಹುಡುಗ ಬಾಯಲ್ಲಿ ಹೇಳಿದ ವಯಸ್ಸನ್ನೇ ಬರೆದುಕೊಳ್ಳುತ್ತಿದ್ದರು. ತಲೆಗಿಷ್ಟೆಂದು ಹಣ ಪಡೆಯುತ್ತಿದ್ದ ನೇಮಕಾತಿ ಸಾರ್ಜೆಂಟರಿಗೆ ಕೆದಕಿ ಕೇಳುವ ಉಮೇದಾದರೂ ಎಲ್ಲಿಂದ ಬರಬೇಕು? ಸಿಡ್ನಿ ಲೂಯಿಸ್ ಎಂಬಾತ 1915ರ ಆಗಸ್ಟಿನಲ್ಲಿ ಸೇರಿದಾಗ ಅವನಿಗೆ ಬರೀ 12 ವರ್ಷ. ಮರುವರ್ಷ ಫ್ರಾನ್ಸಿನ ಸೋಮ್ ನದಿಯ ಬಳಿ ನಡೆದ ಕದನದಲ್ಲಿ ಹೋರಾಡಿದ ಅವನನ್ನು, ತಾಯಿ ಜನನ ಪ್ರಮಾಣಪತ್ರ ಕಳುಹಿಸಿದ ಮೇಲಷ್ಟೇ ಮನೆಗೆ ಮರಳಿಸಲಾಯಿತು.

ಇದಕ್ಕೆಲ್ಲ ದೇಶಪ್ರೇಮವೊಂದೇ ಕಾರಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಣಿ, ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹುಡುಗರನ್ನು ಹೊಟ್ಟೆತುಂಬ ಊಟ, ಗಟ್ಟಿ ಬೂಟು, ದಿನಕ್ಕೊಂದು ಶಿಲ್ಲಿಂಗ್ ಸಂಬಳ ಮತ್ತು ಒಂದೇ ಬೀದಿಯ ಗೆಳೆಯರೊಂದಿಗೆ ಒಂದೇ ಪಡೆಯಲ್ಲಿರಬಹುದೆಂಬ ಭರವಸೆಗಳೂ ಅಷ್ಟೇ ಬಲವಾಗಿ ಸೆಳೆದಿದ್ದವು.