ಡಿಒ ಅಂತ ಹೆದರ್ಬೇಡ ತಂಗಿ

ಕುಮಟೆಯಿಂದ ನ್ಯೂಜೆರ್ಸಿಗೆ ಬಂದು ಇನ್ನೂ ಸೂಟ್‌ಕೇಸೂ ಪೂರ್ತಿ ಬಿಚ್ಚಿಲ್ಲ, ಬಸುರಾಗಿ ನಾಲ್ಕು ತಿಂಗಳು ತುಂಬಿದೆ, ಇನ್ಶೂರೆನ್ಸ್ ಲಿಸ್ಟಲ್ಲಿ ಸಿಕ್ಕ ಗೈನಕಾಲಜಿಸ್ಟ್ ಹೆಸರಿನ ಮುಂದೆ ಎಂಡಿ ಬದ್ಲು ಡಿಒ ಅಂತಿದೆ, ಇವ್ರು ಸರಿಯಾದ ಡಾಕ್ಟ್ರೇ ಹೌದಾ ಅಂತ ಕೇಳಿದ್ಯಲ್ಲ, ಹೌದು ಮಾರಾಯ್ತಿ, ಧೈರ್ಯವಾಗಿ ಹೋಗು. ಡಿಒ ಅಂದ್ರೆ ಆಸ್ಟಿಯೋಪಥಿಕ್ ಮೆಡಿಸಿನ್ ಓದಿದವ್ರು, ಕಾಲೇಜು ಬೇರೆ, ಮೂಳೆ-ಸ್ನಾಯು ಕೈಯಲ್ಲಿ ಒತ್ತಿ ಸರಿಮಾಡೋದನ್ನೂ ಕಲಿತಿರ್ತಾರೆ ಅಷ್ಟೇ. 4 ವರ್ಷ ಮೆಡಿಕಲ್, ಅದಾದ್ಮೇಲೆ ಹೆರಿಗೆ ಮತ್ತೆ ಸ್ತ್ರೀರೋಗದ್ದೇ 4 ವರ್ಷ ರೆಸಿಡೆನ್ಸಿ (ಆಸ್ಪತ್ರೇಲೇ ಕೆಲ್ಸ ಮಾಡ್ತಾ ಕಲಿಯೋ ತರಬೇತಿ), ಎಂಡಿಯವ್ರ ಜೊತೆಗೇ ಮಾಡ್ತಾರೆ, ಸಿಸೇರಿಯನ್ನೂ ಮಾಡ್ತಾರೆ. ನೋಡೋದಿದ್ರೆ ಬೋರ್ಡ್ ಸರ್ಟಿಫೈಡ್, ಅಂದ್ರೆ ಆ ವಿಭಾಗದ ತಜ್ಞರ ಮಂಡಳಿ ಪರೀಕ್ಷೆ ಪಾಸಾದವ್ರು, ಹೌದೋ ಅಲ್ವೋ ನೋಡು, ಹೊಸಬ್ರಾದ್ರೆ ಬೋರ್ಡ್ ಎಲಿಜಿಬಲ್ ಅಂತಿರತ್ತೆ, ತರಬೇತಿ ಮುಗಿದಿದೆ, ಆ ಪರೀಕ್ಷೆ ಇನ್ನೂ ಬಾಕಿ ಅಂತ, ಅದ್ಕೂ ಗಾಬರಿ ಬೇಡ.

ನೀನು ಕೇಳ್ಬೇಕಿದ್ದಿದ್ದು ಬೇರೆ, ಹೆರಿಗೆ ದಿನ ಇವ್ರೇ ಇರ್ತಾರಾ? ನಾನು ಶಿರ್ಸಿಯವ್ಳು, ನಮ್ ಕಡೆ ಒಬ್ರಿಗೇ ತೋರಿಸ್ಕೊಂಡು ಬಂದ್ರೆ ರಾತ್ರಿ ಎರಡು ಗಂಟೆಗೂ ಅವ್ರೇ ಬರ್ತಾರೆ, ಕಷ್ಟ ಅಂತಾದ್ರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸ್ತಾರೆ. ಇಲ್ಲಿ ಹೆಚ್ಚಿನ ಕಡೆ ಗ್ರೂಪ್ ಪ್ರಾಕ್ಟೀಸು, ನಾಲ್ಕಾರು ಡಾಕ್ಟ್ರು ಸೇರಿ ಒಂದೇ ಕ್ಲಿನಿಕ್ ನಡೆಸೋದು, ಅವತ್ತು ಯಾರ ಡ್ಯೂಟಿಯೋ ಅವ್ರೇ ಹೆರಿಗೆ ಮಾಡ್ಸೋದು. ಅದ್ಕೇ ಅಪಾಯಿಂಟ್‌ಮೆಂಟೆಲ್ಲ ಒಬ್ರ ಹತ್ರಾನೇ ತಗೊಳ್ದೆ ಗ್ರೂಪಿನ ಎಲ್ರ ಮುಖಾನೂ ನೋಡ್ಕೊ. 28 ವಾರದ ತನಕ ತಿಂಗ್ಳಿಗೊಂದ್ಸಲ, 36ರ ತನಕ ಎರಡು ವಾರಕ್ಕೊಂದ್ಸಲ, ಆಮೇಲೆ ವಾರವಾರ ಕರೀತಾರೆ, ಟೈಮಿದೆ.

ಡಾಕ್ಟ್ರು ಹೆಂಗೆ ಅಂತ ನಂಗೆ ಗೊತ್ತಾಗಿದ್ದು ಪರೀಕ್ಷೆ ಟೇಬಲ್ ಮೇಲೆ ಮಲಗಿದಾಗ. ಒಳ್ಳೆಯವ್ರು ಮೇಲೆ ಶೀಟ್ ಹೊದಿಸಿ, ನರ್ಸನ್ನ ಪಕ್ಕ ನಿಲ್ಲಿಸ್ಕೊಂಡು, ಈಗ ಮುಟ್ತೀನಿ, ಈಗ ಸ್ವಲ್ಪ ಒತ್ತಿದಂಗಾಗತ್ತೆ ಅಂತ ಹೇಳ್ತಾ ಹೇಳ್ತಾ ಮಾಡ್ತಾರೆ, ನಿಲ್ಸಿ ಅಂದ್ರೆ ನಿಲ್ಲಿಸ್ತಾರೆ. ಗಂಡನ್ನ ಹೊರಗೆ ಕೂರ್ಸಿ, ಮನೇಲಿ ಯಾರಾದ್ರೂ ಹೊಡೀತಾರಾ, ಹೆದರಿಸ್ತಾರಾ ಅಂತಾನೂ ಕೇಳ್ಬೋದು, ನಮ್ಮೆಜಮಾನ್ರು ಅವತ್ತು ಮುಖ ಊದಿಸ್ಕೊಂಡಿದ್ರು (ಎಲ್ರಿಗೂ ಕೇಳೋದೇ ಅದು, ನಿನ್ ಗಂಡಂಗೆ ಮೊದ್ಲೇ ಹೇಳಿಟ್ಟಿರು). ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸೋಕೆ ಬೆನ್ನಿಗೆ ಕೊಡೋ ಇಂಜೆಕ್ಷನ್) ಬೇಕಾ ಬೇಡ್ವಾ ಅನ್ನೋದ್ರಿಂದ ಹಿಡಿದು ಎಲ್ಲಾನೂ ನಿನ್ನೇ ಕೇಳ್ತಾರೆ, ಇವ್ರಿಗೇನೂ ಗೊತ್ತಿಲ್ವಾ ಅನ್ಸತ್ತೆ, ಹಂಗಲ್ಲ ಅದು, ನಿಮ್ ತಂಗಿ ಆಗಿದ್ರೆ ಎಂತ ಹೇಳ್ತಿದ್ರಿ ಅಂತ ತಿರುಗಿ ಕೇಳು, ನೇರ ಉತ್ತರ ಬರತ್ತೆ. 20 ವಾರದ ಹತ್ರ ಮಾಡೋ ಸ್ಕ್ಯಾನಲ್ಲಿ ಗಂಡೋ ಹೆಣ್ಣೋ ಹೇಳ್ತಾರೆ, ಊರಲ್ಲಿ 1994ರ ಕಾಯ್ದೆ ಪ್ರಕಾರ ಅಪರಾಧ, ಇಲ್ಲಿ ಮಾಮೂಲು, ಬೇಡ ಅಂದ್ರೆ ಒಳಗೆ ಹೋಗ್ತಿದ್ದಂಗೇ ಹೇಳ್ಬಿಡು.

ಇಂಗ್ಲಿಷ್ ತಡವರಿಸಿದ್ರೆ ಇಂಟರ್ಪ್ರಿಟರ್ ಕೇಳು, ಆಸ್ಪತ್ರೆಯವ್ರೇ ಫೋನಲ್ಲಿ ಕೊಡಿಸ್ತಾರೆ, ದುಡ್ಡಿಲ್ಲ. ಅಮ್ಮ ಬಾಳಂತನಕ್ಕೆ ಬರೋದಾದ್ರೆ ಲೇಹ್ಯ, ಕಷಾಯದ ಪುಡಿ ಕಟ್ಕೊಂಡು ಬರ್ತಾರಲ್ಲ, ಅದ್ರಲ್ಲಿ ಎಂತೆಂತ ಹಾಕಿದಾರೆ ಅಂತ ಬರ್ಸಿಕೊಂಡು ಡಾಕ್ಟ್ರಿಗೆ ತೋರ್ಸು. ಮಗು ಹುಟ್ಟಿ 30 ದಿನದೊಳಗೆ ಕಂಪ್ನಿ ಇನ್ಶೂರೆನ್ಸಿಗೆ ಹೆಸರು ಸೇರ್ಸೋ ಕೆಲ್ಸ ಮಾತ್ರ ನಿನ್ ಗಂಡಂಗೇ ಬಿಡು.