ಯೋಕಿಚ್ ಅಸಿಸ್ಟ್ ಲೆಕ್ಕದಲ್ಲಿ ಲಾಭ ಉಂಟೇ?

ಪ್ರಶ್ನೆ: ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಟೆಕ್ಸಾಸ್‌ನಲ್ಲಿ ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಇಲ್ಲ, ಆದರೆ ಒಂದು ಘಟನೆ ನಡೆಯುವುದೋ ಇಲ್ಲವೋ ಎಂದು ‘ಹೌದು’, ‘ಇಲ್ಲ’ ಕಾಂಟ್ರಾಕ್ಟ್ ಮಾರುವ ಕಾಲ್ಶಿಯಂಥ ಪ್ರಿಡಿಕ್ಷನ್ ಮಾರ್ಕೆಟ್‌ಗಳು ತೆರೆದಿವೆ. ಡೆನ್ವರ್ ಬ್ಯಾಸ್ಕೆಟ್‌ಬಾಲ್ ತಂಡದ ನಿಕೊಲಾ ಯೋಕಿಚ್ 2024-25ರಲ್ಲಿ ಪಂದ್ಯಕ್ಕೆ ಸರಾಸರಿ 10.2 ಅಸಿಸ್ಟ್ (ಸಹ ಆಟಗಾರ ಚೆಂಡನ್ನು ಬುಟ್ಟಿಗೆ ಹಾಕಲು ನೆರವಾದ ಪಾಸ್) ಗಳಿಸಿದ್ದಾರೆ. ಹಾಗಿರುವಾಗ ‘10 ಅಥವಾ ಹೆಚ್ಚು ಅಸಿಸ್ಟ್’ಗೆ ‘ಹೌದು’ ಎನ್ನುವ ಕಾಂಟ್ರಾಕ್ಟ್ 62 ಸೆಂಟ್‌ಗೆ ಸಿಕ್ಕರೆ ಅಗ್ಗವಲ್ಲವೇ? ಇದೂ ಷೇರಿನಂತೆಯೇ ಎನ್ನುತ್ತಾರೆ ಗೆಳೆಯರು. ಮೈಸೂರಿನಲ್ಲಿರುವ ತಮ್ಮನೂ ನನ್ನ ಖಾತೆಯಲ್ಲೇ ಹಣ ಹಾಕುತ್ತೇನೆ ಎನ್ನುತ್ತಿದ್ದಾನೆ.
– ಹೆಸರು ಬೇಡ

ಉತ್ತರ: ಅಗ್ಗವೋ ತುಟ್ಟಿಯೋ ಎಂದು ಸರಾಸರಿ ನೋಡಿ ಹೇಳಲಾಗದು. ಒಬ್ಬ ಆಟಗಾರ ಐದು ಪಂದ್ಯಗಳಲ್ಲಿ 7, 8, 9, 9, 18 ಅಸಿಸ್ಟ್ ಗಳಿಸಿದ ಎಂದುಕೊಳ್ಳಿ. ಸರಾಸರಿ ಸರಿಯಾಗಿ 10.2. ಆದರೆ ಹತ್ತು ದಾಟಿದ್ದು ಒಂದೇ ಸಲ! ನಿಮ್ಮ ಕಾಂಟ್ರಾಕ್ಟ್‌ಗೆ 18 ಬಂದರೂ ಒಂದು ಡಾಲರ್, 10 ಬಂದರೂ ಅದೇ ಒಂದು ಡಾಲರ್. 9ಕ್ಕೆ ನಿಂತರೆ ಸೊನ್ನೆ. 62 ಸೆಂಟ್ ಕೊಟ್ಟು 38 ಸೆಂಟ್ ಗಳಿಸಹೊರಟವರು ನೂರರಲ್ಲಿ 62 ಸಲ ಗೆದ್ದರೂ ಅಸಲು ಮಾತ್ರ ಉಳಿಯುತ್ತದೆ. ಶುಲ್ಕ ಬೇರೆ. ಆದ್ದರಿಂದ ಎಷ್ಟು ಪಂದ್ಯಗಳಲ್ಲಿ ಹತ್ತು ಮುಟ್ಟಿದರು ಎಂದು ಎಣಿಸಿ.

ಎಣಿಸಿದರೂ ಅರ್ಧ ಕೆಲಸವಷ್ಟೇ. ಯೋಕಿಚ್ ತಲೆಯ ಹಿಂದಿನಿಂದ ಎಸೆದ ಪಾಸ್ ಎಷ್ಟೇ ಸೊಗಸಾಗಿರಲಿ, ಅದನ್ನು ಹಿಡಿದವನ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಬಿದ್ದರೆ ಅಸಿಸ್ಟ್ ಇಲ್ಲ. ಡೆನ್ವರ್ ಮೂರನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ 25 ಅಂಕ ಮುಂದಿದ್ದರೆ ಕೋಚ್ ಅವರನ್ನು ಬೆಂಚಿನಲ್ಲಿ ಕೂರಿಸುತ್ತಾರೆ. ತಂಡಕ್ಕೆ ಖುಷಿ, ನಿಮ್ಮ ಎಂಟು ಅಸಿಸ್ಟ್ ಅಲ್ಲಿಗೇ ನಿಂತಿತು. ಅಂಕಿಅಂಶದ ಮಾರುಕಟ್ಟೆಯಲ್ಲಿ ನಿಜವಾಗಿ ಊಹಿಸಬೇಕಾದದ್ದು ಅಂಗಳದಲ್ಲಿ ಎಷ್ಟು ನಿಮಿಷ ಇರುತ್ತಾರೆ ಎಂಬುದನ್ನು. ಮಂಡಿ ನೋವು, ವಿಶ್ರಾಂತಿ, ಮರುದಿನವೇ ಇನ್ನೊಂದು ಪಂದ್ಯ – ಇವೆಲ್ಲ ತಂಡದ ಒಳಗಿನವರಿಗೆ ಮೊದಲು ಗೊತ್ತಾಗುತ್ತವೆ. ಗಾಯಾಳುಗಳ ಪಟ್ಟಿ ಹೊರಬಿದ್ದ ಕ್ಷಣಕ್ಕೇ ಬೆಲೆ ಬದಲಿಸುವ ಕಂಪ್ಯೂಟರ್‌ಗಳು ಆ ಬದಿಯಲ್ಲಿ ಕುಳಿತಿವೆ. ನೀವು ಕಚೇರಿ ಮುಗಿಸಿ ಮೊಬೈಲ್ ತೆರೆಯುವ ಹೊತ್ತಿಗೆ ಉಳಿದಿರುವ ‘ಅಗ್ಗ’ವನ್ನು ಅನುಮಾನಿಸಬೇಕು.

ಟೊರಾಂಟೊ ರಾಪ್ಟರ್ಸ್‌ನ ಜಾಂಟೇ ಪೋರ್ಟರ್ ಪ್ರಕರಣ ನೆನಪಿಸಿಕೊಳ್ಳಿ. 2024ರ ಮಾರ್ಚ್ 20ರಂದು ಸ್ಯಾಕ್ರಮೆಂಟೊ ವಿರುದ್ಧ ಮೂರು ನಿಮಿಷ ಆಡಿ, ಮೈ ಸರಿಯಿಲ್ಲ ಎಂದು ಹೊರಬಂದರು. ಅವರ ಆಟ ಕಳಪೆಯಾಗುತ್ತದೆ ಎಂದು ಒಬ್ಬ 80,000 ಡಾಲರ್ ಕಟ್ಟಿದ್ದ, ಗೆದ್ದರೆ 11 ಲಕ್ಷ ಡಾಲರ್. ಬೆಂಚಿನ ಆಟಗಾರನೊಬ್ಬನ ಮೇಲೆ ಇಷ್ಟು ಹಣವೇ ಎಂದು ಅನುಮಾನ ಬಂದು ಬೆಟ್ಟಿಂಗ್ ಕಂಪನಿಯವರು ಪಾವತಿಯನ್ನು ತಡೆಹಿಡಿದರು. ಪೋರ್ಟರ್ ತಮ್ಮ ಆರೋಗ್ಯದ ಗುಟ್ಟನ್ನು ಬಾಜಿದಾರನಿಗೆ ಹೇಳಿದ್ದರೆಂದು ಲೀಗ್ ನಡೆಸುವ ಎನ್‌ಬಿಎ ತನಿಖೆಯಲ್ಲಿ ಕಂಡಿತು. ಏಪ್ರಿಲ್‌ನಲ್ಲಿ ಆಜೀವ ನಿಷೇಧ ಬಿತ್ತು. ಅದು ಬೆಟ್ಟಿಂಗ್ ಕಂಪನಿಗಳಲ್ಲಿ ನಡೆದದ್ದು ನಿಜ. ಆದರೆ ಒಂದು ಪಂದ್ಯ ಸೋಲಿಸಲು ಹಲವರನ್ನು ಒಲಿಸಬೇಕಾಗಬಹುದು. ಒಬ್ಬನ ರಿಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು) ಕಡಿಮೆ ಮಾಡಲು ಅವನೊಬ್ಬ ಸಾಕು. ಮಾರುಕಟ್ಟೆಯ ಹೆಸರು ಬದಲಾದರೆ ಈ ದೌರ್ಬಲ್ಯ ಮಾಯವಾಗುತ್ತದೆಯೇ? ಯೋಕಿಚ್‌ರಂಥ ತಾರೆಯನ್ನು ನಾನು ಅನುಮಾನಿಸುತ್ತಿಲ್ಲ. ಹೆಸರೇ ಕೇಳದ ಆಟಗಾರರ ಕಾಂಟ್ರಾಕ್ಟ್‌ಗಳನ್ನಂತೂ ಮುಟ್ಟಬೇಡಿ.

ಷೇರಿನ ಮಾತು. ಷೇರಿನ ಹಿಂದೆ ಕಂಪನಿಯ ಆಸ್ತಿ, ವಹಿವಾಟು ಇರುತ್ತದೆ. ಇಲ್ಲಿ ನೀವು ಗೆದ್ದ ಹಣ ಇನ್ನೊಬ್ಬ ಸೋತದ್ದು, ನಡುವೆ ಕಮಿಷನ್. ಈ ಮಾರುಕಟ್ಟೆ ಅಮೆರಿಕದ ಕೇಂದ್ರ ಸರ್ಕಾರದ ವಾಯಿದಾ ವಹಿವಾಟು ಆಯೋಗ ಸಿಎಫ್‌ಟಿಸಿಯ ಅಡಿ ನಡೆಯುತ್ತದೆ ಎಂಬುದು ಕಾನೂನಿನ ವಿಷಯ. ನೆವಾಡ, ನ್ಯೂಜೆರ್ಸಿಯಂಥ ರಾಜ್ಯಗಳು ಇದನ್ನು ಬೆಟ್ಟಿಂಗ್ ಎಂದೇ ವಾದಿಸಿವೆ. ನನಗೂ ಬೇರೆ ಏನೂ ಕಾಣುವುದಿಲ್ಲ.

ಇಷ್ಟಾದರೂ ಕೊಳ್ಳುವುದಿದ್ದರೆ, ಆಟಗಾರ ಅಂಗಳಕ್ಕೇ ಇಳಿಯದಿದ್ದರೆ ಏನಾಗುತ್ತದೆ ಎಂಬ ನಿಯಮವನ್ನು ಮೊದಲು ಓದಿ. ಬೆಟ್ಟಿಂಗ್ ಕಂಪನಿಗಳು ಸಾಮಾನ್ಯವಾಗಿ ಹಣ ಹಿಂತಿರುಗಿಸುತ್ತವೆ. ಇಲ್ಲಿಯೂ ಹಾಗೆಯೇ ಎಂದುಕೊಂಡು ಹಣ ಹಾಕಬೇಡಿ.

ತಮ್ಮನಿಗೆ ಬೇಡ ಎನ್ನಿ. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಇಂಥದ್ದೇ ಭಾರತೀಯ ಆ್ಯಪ್ ಪ್ರೋಬೊ ಹಣದ ವಹಿವಾಟು ನಿಲ್ಲಿಸಿದ್ದು ಅದರಿಂದಲೇ. ಬೇರೆಯವರ ಹಣವನ್ನು ನಿಮ್ಮ ಖಾತೆಯಲ್ಲಿ ಆಡಿಸಿದರೆ ಖಾತೆಯೂ ಹೋಗಬಹುದು, ಸೋತ ದಿನ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕಾದವರೂ ನೀವೇ.